ಅವಲಕ್ಕಿ ಪವಲಕ್ಕಿಗೆ ಎಂಟು ಕೊಳಲು

ಓದುಗರ ಪ್ರಶ್ನೆ, ಕೊಳಲು ಮಾಸ್ತರರ ಉತ್ತರ

ಶಾಲೆಗಳ ಗ್ಯಾದರಿಂಗ್ (ವಾರ್ಷಿಕೋತ್ಸವ) ಹಂಗಾಮು ಶುರುವಾಯಿತು ಅನ್ನುವುದು ಮೇಜಿನ ಮೇಲಿನ ಪತ್ರಗಳಿಂದಲೇ ಗೊತ್ತಾಗುತ್ತದೆ. ಅರ್ಥವಿಲ್ಲದ ಪದ್ಯಗಳನ್ನು ಕೊಳಲು ಮೇಳದಲ್ಲಿ ನುಡಿಸಿ ಮಂದಿಯನ್ನು ನಗಿಸುವ ವಿಚಾರದ ಪತ್ರಗಳನ್ನಷ್ಟೇ ಈ ಸಲ ಎತ್ತಿಕೊಂಡಿದ್ದೇನೆ. ಒಬ್ಬರಿಗೆ ಬರೆದ ಉತ್ತರ ಇನ್ನೊಬ್ಬರಿಗೂ ಬೇಕಾಗುತ್ತದೆ, ಆದ್ದರಿಂದ ಎಲ್ಲವನ್ನೂ ಓದಿರಿ. ರಿಯಾಜು, ಪರೀಕ್ಷೆ ಕುರಿತ ಪತ್ರಗಳಿಗೆ ಮುಂದಿನ ಸಂಚಿಕೆ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಎಂಟು ಮಕ್ಕಳು ಕೊಳಲು ನುಡಿಸುತ್ತಾರೆ, ಐದನೇ ಇಯತ್ತೆಯಿಂದ ಏಳನೆಯದರ ತನಕ. ‘ಅವಲಕ್ಕಿ ಪವಲಕ್ಕಿ’ಯನ್ನು ಕೊಳಲಿನಲ್ಲಿ ತಮಾಷೆಯಾಗಿ ಮಾಡೋಣ ಅಂತ ಹೊರಟೆವು. ಮಕ್ಕಳು ತಾವಾಗಿಯೇ ಕತ್ತೆ ಕೂಗು, ನಾಯಿ ಬೊಗಳು, ರೈಲಿನ ಸಿಳ್ಳೆ ಎಲ್ಲ ಸೇರಿಸಿದರು. ಹೆಡ್‌ಮಾಸ್ತರರ ಮುಂದೆ ನುಡಿಸಿ ತೋರಿಸಿದಾಗ ಒಬ್ಬರೂ ನಗಲಿಲ್ಲ. ಏನು ಮಾಡಲಿ? – ಸಂಗೀತ ಶಿಕ್ಷಕಿ, ಗದಗ ಜಿಲ್ಲೆ

ಅಕ್ಕೋರೇ, ಕತ್ತೆ, ನಾಯಿ, ರೈಲು ಮೂರನ್ನೂ ಮೊದಲು ತೆಗೆದುಬಿಡಿರಿ. ಮಕ್ಕಳು ಮುಖ ಸಣ್ಣ ಮಾಡುತ್ತಾರೆ, ಮಾಡಲಿ. ಕೊಳಲಿನಲ್ಲಿ ಕತ್ತೆ ಕೂಗಿದರೆ ಕೇಳುವವರು ‘ಓ, ಕತ್ತಿ’ ಅಂತ ಗುರುತು ಹಿಡಿಯುತ್ತಾರೆ. ಗುರುತು ಸಿಕ್ಕಿತು, ಆಟ ಮುಗಿಯಿತು. ಅರ್ಥವಿಲ್ಲದ ಪದ್ಯದ ಗಮ್ಮತ್ತು ಇರುವುದೇ ಬೇರೆ ಕಡೆ. ‘ಕಾಂಚನ’ದ ಬೆನ್ನಿಗೆ ‘ಮಿಣ ಮಿಣ’ ಯಾಕೆ ಬಂತು, ಈ ‘ಕೊಟಾರ್’ ಯಾರು, ಏನು, ಕೇಳಿದರೆ ಯಾರೂ ಹೇಳುವುದಿಲ್ಲ. ಆದರೆ ಒಂದು ಅಕ್ಷರ ಹಿಂದುಮುಂದಾಗಲಿ, ಆರು ವರ್ಷದ ಹುಡುಗಿ ‘ಏ, ತಪ್ಪಾತು, ಮತ್ತ ಮೊದಲಿಂದ’ ಅಂತ ಜಗಳಕ್ಕೆ ನಿಲ್ಲುತ್ತಾಳೆ. ಮಾತು ಎಷ್ಟು ಸಡಿಲವೋ ಲಯ ಅಷ್ಟೇ ಬಿಗಿ. ನಿಮ್ಮ ಮೇಳಕ್ಕೆ ಬೇಕಾಗಿರುವುದು ಆ ಬಿಗಿ.

ಕೈಯಿಂದ ತಾಳ ಹಾಕುತ್ತ ಹೇಳಿ ನೋಡಿರಿ. ಅವ, ಲಕ್ಕಿ, ಪವ, ಲಕ್ಕಿ: ನಾಲ್ಕು ಮಾತ್ರೆ. ಕಾಂ, ಚನ, ಮಿಣ, ಮಿಣ: ಇನ್ನು ನಾಲ್ಕು. ಡಾಂ, ಡೂಂ, ಡಸ್, ಪುಸ್: ಮತ್ತೆ ನಾಲ್ಕು. ಕೊಂಯ್, ಕೊ, ಟಾರ್, ಆಮೇಲೆ ಒಂದು ಮಾತ್ರೆ ಮೌನ. ಹದಿನಾರು ಮಾತ್ರೆ, ನಾಲ್ಕು ನಾಲ್ಕರ ನಾಲ್ಕು ವಿಭಾಗ, ಅಂದರೆ ಹಿಂದೂಸ್ತಾನಿಯ ತೀನತಾಲ ಎಂಬ ತಾಳದ ಒಂದು ಪೂರ್ತಿ ಆವರ್ತನ, ಒಂದು ಸುತ್ತು! ಹುಡುಗರು ಕಟ್ಟೆಯ ಮೇಲೆ ಕೂತು ಹೇಳಿಕೊಂಡು ಬಂದ ಪದ್ಯ ತಬಲಾ ಮಾಸ್ತರರ ಲೆಕ್ಕಕ್ಕೆ ಒಂದು ಮಾತ್ರೆಯೂ ಆಚೀಚೆ ಆಗದೆ ಕೂಡುತ್ತದೆ. ಇನ್ನೂ ಒಂದು ಸೊಗಸು ನೋಡಿರಿ. ತೀನತಾಲದಲ್ಲಿ ಒಂಬತ್ತನೆಯ ಮಾತ್ರೆ ಖಾಲಿ, ಆ ವಿಭಾಗದಲ್ಲಿ ತಬಲಾದ ಎಡಗೈಯ ಡಗ್ಗಾ ಸುಮ್ಮನಾಗುತ್ತದೆ. ಈ ಪದ್ಯದಲ್ಲಿ ಸರಿಯಾಗಿ ಅಲ್ಲಿಗೇ ‘ಡಾಂ ಡೂಂ’ ಬಂದು ಕೂರುತ್ತದೆ. ಎಲ್ಲಿ ತಾಳ ಟೊಳ್ಳಾಗುತ್ತದೋ ಅಲ್ಲಿಯೇ ಪದ್ಯ ಗುಡುಗುತ್ತದೆ. ನಗೆಯ ಮೊದಲ ಕೀಲಿ ಇದು, ಇದನ್ನು ಕೈಬಿಡಬೇಡಿರಿ.

ಈಗ ಹಂಚುವುದು. ನಾಲ್ಕು ಮಕ್ಕಳು ‘ಅವಲಕ್ಕಿ’ ನುಡಿಸಲಿ, ಉಳಿದ ನಾಲ್ಕು ಮಕ್ಕಳು ‘ಪವಲಕ್ಕಿ’. ಭೂಪ ರಾಗದ ಸ್ವರಗಳು ಸಾಕು: ಸರೆ ಗಗ, ಸರೆ ಗಗ. ‘ಕಾಂಚನ’ ಎಲ್ಲರೂ ಕೂಡಿ, ಪಾ ಗರೆ. ‘ಮಿಣ ಮಿಣ’ದ ನಾಲ್ಕು ಅಕ್ಷರಕ್ಕೆ ನಾಲ್ಕು ಮಕ್ಕಳು, ಒಬ್ಬೊಬ್ಬರಿಗೆ ಒಂದೊಂದೇ ಸ್ವರ. ಒಂದು ತುದಿಯಿಂದ ಇನ್ನೊಂದು ತುದಿಗೆ ಸ್ವರ ಓಡಬೇಕು, ನಡುವೆ ಕೂದಲೆಳೆಯಷ್ಟೂ ಸಂದು ಬೀಳಬಾರದು. ತಾಲೀಮಿನಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಇದೊಂದೇ, ಹಿಡಿಯಲಿ. ‘ಡಾಂ ಡೂಂ’ ದೊಡ್ಡ ಕೊಳಲಿನದು, ಅದನ್ನು ನೀವೇ ನುಡಿಸಿರಿ. ‘ಡಸ್ ಪುಸ್’ದಲ್ಲಿ ಸ್ವರವೇ ಬೇಡ. ‘ಡಸ್’ಗೆ ನಾಲಿಗೆಯನ್ನು ಹಲ್ಲಿನ ಹಿಂದೆ ತಾಗಿಸಿ ಗಿಡ್ಡಕ್ಕೆ ಊದುವುದು. ‘ಪುಸ್’ಗೆ ಕೊಳಲನ್ನು ತುಟಿಯಿಂದ ಚೂರು ಹೊರಳಿಸಿಬಿಡುವುದು, ಗಾಳಿ ರಂಧ್ರದ ಅಂಚಿಗೆ ತಾಗದೆ ಹಾಗೇ ಹಾದುಹೋಗಲಿ. ಎಂಟು ಕೊಳಲಿನಿಂದ ಒಮ್ಮೆಲೇ ಬರೀ ಗಾಳಿ ಹೊರಟಾಗ ಸಭೆಯಲ್ಲಿ ಮೊದಲ ನಗು ಏಳುತ್ತದೆ.

‘ಕೊಂಯ್’ಗೆ ದೊಡ್ಡ ಕೊಳಲಿನಲ್ಲಿ ಗಂಧಾರದಿಂದ ಷಡ್ಜಕ್ಕೆ, ಅಂದರೆ ‘ಗ’ದಿಂದ ‘ಸಾ’ಕ್ಕೆ, ಜಾರಿ ಇಳಿಯುವ ಒಂದು ಮೀಂಡ್. ನಿಮ್ಮ ಮಕ್ಕಳ ಕೊಳಲು ಬಿಳಿ ಒಂದರದು (ಹಾರ್ಮೋನಿಯಂನ ಮೊದಲ ಬಿಳಿ ಮನೆಯ ಸ್ವರವೇ ಅದರ ಷಡ್ಜ) ಇರಬೇಕು, ಸುಮಾರು 19 ಇಂಚಿನದು. ಆ ವಯಸ್ಸಿನ ಬೆರಳಿಗೆ ಅದೇ ಒಗ್ಗುತ್ತದೆ. ಅದಕ್ಕೆ ಒಂದು ಸಪ್ತಕ, ಅಂದರೆ ಏಳು ಸ್ವರದ ಒಂದು ಸುತ್ತು, ಕೆಳಗಿನ ಕೊಳಲು ಬೇಕೆಂದರೆ ಸುಮಾರು 37 ಇಂಚಾಗುತ್ತದೆ, ಅಷ್ಟುದ್ದಕ್ಕೆ ಬೆರಳು ಮುಟ್ಟಿಸುವುದು ದೊಡ್ಡವರಿಗೂ ಕಷ್ಟ. ಅದರ ಬದಲು ಬಿಳಿ ನಾಲ್ಕರ ಕೊಳಲು ಹಿಡಿಯಿರಿ, ಸುಮಾರು 28 ಇಂಚು. ಅದರ ಆರೂ ರಂಧ್ರ ಮುಚ್ಚಿದಾಗ ಬರುವ ಮಂದ್ರ ಪಂಚಮವೇ ಮಕ್ಕಳ ಷಡ್ಜಕ್ಕೆ ಒಂದು ಸಪ್ತಕ ಕೆಳಗಿನ ಷಡ್ಜ. ಆ ಷಡ್ಜದ ಲೆಕ್ಕದಲ್ಲಿ ಗಂಧಾರಕ್ಕೆ ಮೇಲಿನ ನಾಲ್ಕು ರಂಧ್ರ ಮುಚ್ಚಿರುತ್ತದೆ. ಅಲ್ಲಿಂದ ಬಲಗೈಯ ನಡುಬೆರಳು, ಉಂಗುರಬೆರಳು ಎರಡನ್ನೂ ಒಂದರ ಹಿಂದೆ ಒಂದು ರಂಧ್ರದ ಮೇಲೆ ಮೆಲ್ಲಗೆ ಸರಿಸುತ್ತ ಬಂದರೆ ಮೀಂಡ್ ಒಡೆಯದೆ ಕೆಳಗೆ ಇಳಿಯುತ್ತದೆ. ಬೆರಳನ್ನು ಎತ್ತಿ ಇಟ್ಟರೆ ಮೆಟ್ಟಿಲಾಗಿಬಿಡುತ್ತದೆ, ‘ಕೊಂಯ್’ ಆಗುವುದಿಲ್ಲ. ‘ಕೊಟಾರ್’ ಎಲ್ಲರೂ ಕೂಡಿ ಚುಟುಕಾಗಿ.

ಆಮೇಲೆ ಹದಿನಾರನೆಯ ಮಾತ್ರೆಯ ಮೌನ. ಇಲ್ಲಿ ತಬಲಾ ಕೂಡ ಬಾರಿಸಬಾರದು. ಮಕ್ಕಳಿಗೆ ಆ ಜಾಗ ತುಂಬುವ ಆತುರ ಇರುತ್ತದೆ, ತಡೆಯಿರಿ. ನಗುವ ಮಂದಿಗೂ ಒಂದು ಜಾಗ ಬೇಕಲ್ಲ, ಅದು ಇದೇ.

ಪದ್ಯಕ್ಕೆ ಮುಂಚೆ ಭೂಪದ ಚಿಕ್ಕ ಆಲಾಪ ಇರಲಿ, ಮನಸ್ಸಿಟ್ಟು ನುಡಿಸಿದ್ದು. ನಮ್ಮ ಕಡೆಯ ಮಂದಿ ಖ್ಯಾಲು ಕೇಳಿ ಬೆಳೆದವರು. ಮನ್ಸೂರರು, ಗಂಗೂಬಾಯಿಯವರು, ರೋಣದಿಂದ ಹೋದ ಭೀಮಸೇನ ಜೋಶಿಯವರು ಹಾಡಿದ ನೆಲ ಇದು, ನಿಮ್ಮ ಊರಿನ ಮಗ್ಗುಲಿಗೇ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮ ಇದೆ. ಆಲಾಪ ಮುಗಿದು ತಬಲಾ ಎತ್ತಿಕೊಂಡ ಕೂಡಲೆ ಬಂದಿಶ್, ಅಂದರೆ ತಾಳಕ್ಕೆ ಕಟ್ಟಿದ ಹಾಡು, ಬರುತ್ತದೆ ಅಂತ ಇಲ್ಲಿ ಹೊಲದಿಂದ ಬಂದವರಿಗೂ ಗೊತ್ತು. ಬಂದಿಶ್ ಬರಬೇಕಾದ ಕಡೆ ಅವಲಕ್ಕಿ ಬಂದರೆ ನಗದೆ ಹೇಗಿದ್ದಾರು? ಆದರೆ ಆಲಾಪದಲ್ಲಿ ಹುಡುಗಾಟ ಮಾಡಿದಿರೋ, ಕಾಯುವುದಕ್ಕೆ ಏನೂ ಇಲ್ಲದಾಗಿ ಅವಲಕ್ಕಿ ಸಪ್ಪಗಾಗುತ್ತದೆ.

ಮುಕ್ತಾಯಕ್ಕೆ ‘ಕೊಂಯ್ ಕೊಟಾರ್’ದ ತಿಹಾಯಿ, ಅಂದರೆ ಅದನ್ನೇ ಮೂರು ಸಲ ನುಡಿಸಿ ಮುಗಿಸುವುದು, ಚೊಲೊ ಒಪ್ಪುತ್ತದೆ. ಎರಡು ಸಲ ಎಲ್ಲರೂ, ಮೂರನೆಯದನ್ನು ಎಲ್ಲಕ್ಕಿಂತ ಚಿಕ್ಕ ಹುಡುಗ ಮೇಲಿನ ತಾರ ಸಪ್ತಕದಲ್ಲಿ ಒಬ್ಬನೇ. ಸುಳ್ಳು ಮುಕ್ತಾಯವನ್ನೂ ಇಡಬಹುದು. ಹೈಡನ್ ಎಂಬ ಆಸ್ಟ್ರಿಯಾದ ಸಂಗೀತಗಾರ 1781ರಲ್ಲಿ ನಾಲ್ಕು ತಂತಿವಾದ್ಯಗಳಿಗೆ ಬರೆದ ಒಂದು ಕೃತಿಯ ಕೊನೆಯಲ್ಲಿ ಧಾಟಿಯನ್ನು ತುಂಡು ತುಂಡು ಮಾಡಿ, ನಡುವೆ ಮೌನ ಇಟ್ಟಿದ್ದಾನೆ. ಮುಗಿಯಿತು ಅನ್ನುವಾಗ ಮತ್ತೆ ಶುರುವಾಗುತ್ತದೆ, ನಿಜವಾಗಿ ಮುಗಿದಾಗ ಮಂದಿ ಇನ್ನೂ ಕಾಯುತ್ತಿರುತ್ತಾರೆ. ನಿಮ್ಮ ಮಕ್ಕಳು ಕೊಳಲನ್ನು ಮಡಿಲಿಗೆ ಇಳಿಸಲಿ, ಚಪ್ಪಾಳೆ ಶುರುವಾಗಲಿ, ಆಗ ‘ಮಿಣ ಮಿಣ’ದ ನಾಲ್ವರು ಮತ್ತೆ ಎತ್ತಿಕೊಳ್ಳಲಿ. ಒಂದೇ ಸಲ ಮಾಡಿರಿ, ಎರಡನೆಯ ಸಲಕ್ಕೆ ಅದು ಹಳತು.

ಪ್ರಶ್ನೆ: ನಮ್ಮ ಭಾಗದ ಒಂದು ಕಾರ್ಯಕ್ರಮದಲ್ಲಿ ಹುಡುಗರು ‘ಕೋಡಗನ ಕೋಳಿ ನುಂಗಿತ್ತ’ವನ್ನು ಕೊಳಲಿನಲ್ಲಿ ನುಡಿಸಿದರು. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಷರೀಫಜ್ಜನ ತತ್ವಪದ ನಗಲಿಕ್ಕೆ ಬರೆದದ್ದೇನ್ರಿ? ಎಪ್ಪತ್ತು ದಾಟಿದ ನನ್ನಂಥವರಿಗೆ ಇದು ಸರಿ ಕಾಣಲಿಲ್ಲ. – ಹಿರಿಯ ಓದುಗರು, ಶಿಗ್ಗಾವಿ ತಾಲೂಕು

ಹಿರಿಯರೇ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಶಿಶುನಾಳ ನಿಮ್ಮ ತಾಲೂಕಿನ ಊರು, ಆ ಪದ ನಿಮಗೆ ಮನೆಯ ಮಾತು. ನಾನೂ ಅದನ್ನು ಅವಲಕ್ಕಿ ಪವಲಕ್ಕಿಯ ಸಾಲಿಗೆ ಸೇರಿಸುವವನಲ್ಲ. ಅವಲಕ್ಕಿ ಪದ್ಯ ಅರ್ಥ ಕೊಡುತ್ತೇನೆಂದು ಯಾರಿಗೂ ಹೇಳಿಲ್ಲ. ಷರೀಫರು ಹೇಳಿದ್ದಾರೆ, ಹೇಳಿ ಕೊನೆಯ ನುಡಿಯ ತನಕ ಮುಚ್ಚಿಟ್ಟಿದ್ದಾರೆ.

ಆದರೂ ನಗು ಬಂದದ್ದಕ್ಕೆ ನಾನು ಬೇಸರಪಡುವುದಿಲ್ಲ. ಕೋಳಿ ಕೋಡಗನನ್ನು ನುಂಗಿತು, ಆಡು ಆನೆಯನ್ನು ನುಂಗಿತು, ಕುಟ್ಟಲು ಬಂದ ಮುದುಕಿಯನ್ನು ನೊಣ ನುಂಗಿತು ಅಂತ ಹಾಡಿದವರು ಎದುರಿಗೆ ಕೂತ ಒಕ್ಕಲಮಕ್ಕಳು ನಗುವುದಿಲ್ಲ ಅಂತ ಅಂದುಕೊಂಡು ಹಾಡಿದರೇ? 1819ರಿಂದ 1889ರ ತನಕ ಬದುಕಿದ ಆ ಮನುಷ್ಯ ಒಳ್ಳು, ಒನಕೆ, ಬೀಸುವ ಕಲ್ಲು, ಮಗ್ಗ, ಲಾಳಿ ಎಲ್ಲವನ್ನೂ ಕೇಳುಗರ ಮನೆಯಿಂದಲೇ ತಂದರು. ನಗು ಬಂದ ಬಾಯಿಗೆ ಮುಂದಿನ ಪ್ರಶ್ನೆಯೂ ಬರುತ್ತದೆ: ಹಿಂಗ್ಯಾಕ? ಆ ‘ಯಾಕ’ ಹುಟ್ಟದಿದ್ದರೆ ಮಾತ್ರ ನುಡಿಸಿದವರದು ತಪ್ಪು.

ಹುಡುಗರು ಅದನ್ನು ಹೇಗೆ ನುಡಿಸಿದರೆ ಒಪ್ಪುತ್ತದೆ ಎಂದು ನನಗನ್ನಿಸುವುದನ್ನು ಹೇಳುತ್ತೇನೆ, ನೀವು ಅವರಿಗೆ ತಿಳಿಸಿರಿ. ಪದದಲ್ಲಿ ಬಹಳ ಕಡೆ ಸಣ್ಣದು ದೊಡ್ಡದನ್ನು ನುಂಗುತ್ತದೆ. ಆದ್ದರಿಂದ ದೊಡ್ಡ ಕೊಳಲು ಧಾಟಿ ಎತ್ತಿಕೊಳ್ಳಲಿ, ಸಣ್ಣ ಕೊಳಲು ಅದರ ಕೊನೆಯ ಸ್ವರದ ಮೇಲೆ ಬಂದು ಕೂತು ಅದನ್ನು ಹಿಡಿದುಕೊಳ್ಳಲಿ, ದೊಡ್ಡದು ಅಲ್ಲೇ ಉಸಿರು ಕಡಿದು ನಿಲ್ಲಲಿ. ಎರಡೂ ಒಂದೇ ಶ್ರುತಿಯಲ್ಲಿ ಪಕ್ಕಾ ಕೂಡಿದ್ದರೆ ದೊಡ್ಡದು ಎಲ್ಲಿ ಹೋಯಿತು ಎಂದು ಕಿವಿಗೆ ಗೊತ್ತೇ ಆಗುವುದಿಲ್ಲ. ನುಂಗುವುದು ಅಂದರೆ ಅದು. ಬಾಯಿಂದ ಗುಳುಂ ಗುಳುಂ ಶಬ್ದ ಮಾಡುವುದು ಬೇಡ.

ಕೊನೆಯ ನುಡಿಗೆ ಬಂದಾಗ ದಿಕ್ಕು ತಿರುಗುತ್ತದೆ, ಗಮನಿಸಿದ್ದೀರಾ? ಗುಡ್ಡ ಗವಿಯನ್ನು ನುಂಗುತ್ತದೆ, ಗವಿ ಇರುವೆಯನ್ನು ನುಂಗುತ್ತದೆ. ಈಗ ದೊಡ್ಡದು ಸಣ್ಣದನ್ನು ನುಂಗುತ್ತಿದೆ, ಲೋಕ ನೆಟ್ಟಗೆ ನಿಂತಿದೆ. ಆಮೇಲೆ ‘ಗೋವಿಂದ ಗುರುವಿನ ಪಾದ ನನ್ನನೆ ನುಂಗಿತ್ತ’. ಹಾಡುವವನೇ ಹೋದ! ಕಳಸದ ಗೋವಿಂದ ಭಟ್ಟರ ಪಾದಕ್ಕೆ ಈ ಪದ ಬಂದು ಮುಟ್ಟುವುದು ಇಲ್ಲಿ. ಕೊಳಲುಗಳೂ ಇಲ್ಲಿ ತಿರುಗಬೇಕು. ಸಣ್ಣದನ್ನು ದೊಡ್ಡದು ಮುಚ್ಚಲಿ, ಒಂದೊಂದಾಗಿ ಎಲ್ಲ ಕೊಳಲೂ ದೊಡ್ಡ ಕೊಳಲಿನ ಷಡ್ಜದೊಳಗೆ ಇಳಿಯಲಿ. ನುಡಿಸುವ ಮುಂಚೆ ಒಬ್ಬ ಹುಡುಗ ಪದವನ್ನು ಪೂರ್ತಿ ಓದಿ ಹೇಳಲಿ. ಪದ ಕಿವಿಗೆ ಬೀಳದೆ ಬರೀ ಧಾಟಿ ಬಿದ್ದರೆ ಕೇಳುಗರಿಗೆ ಏನು ನುಂಗಿತು, ಯಾರು ನುಂಗಿದರು ಎಂಬುದೇ ತಪ್ಪಿಹೋಗುತ್ತದೆ. ಅಶ್ವತ್ಥರ ದನಿಯಿಂದ ನಾಡಿಗೆಲ್ಲ ಪರಿಚಯವಾದ ಧಾಟಿ ಇದೆ, ಸರಿ. ನಿಮ್ಮ ಊರಿನ ಭಜನಾ ಮೇಳದವರ ಧಾಟಿ ಇನ್ನೂ ಉಳಿದಿದ್ದರೆ ಹುಡುಗರಿಗೆ ಅದನ್ನೇ ಕಲಿಸಿರಿ. ನಿಮ್ಮಂಥವರು ಮುಂದೆ ಕೂತು ತಿದ್ದಿದರೆ ಅವರು ಖುಷಿಯಿಂದ ತಿದ್ದಿಕೊಳ್ಳುತ್ತಾರೆ.

ಪ್ರಶ್ನೆ: ಹಿಂದೂಸ್ತಾನಿ ಗಾಯನದ ತರಾನಾ ಎಂಬ ಪ್ರಕಾರದಲ್ಲೂ ‘ತೋಂ ತನನ ದಿರ್ ದಿರ್’ ಅಂತ ಅರ್ಥವಿಲ್ಲದ ಅಕ್ಷರಗಳೇ. ಹಾಗಾದರೆ ಅದೂ ತಮಾಷೆಯೇ? – ಓದುಗ, ಹಾವೇರಿ

ಅಲ್ಲ. ತರಾನಾದ ಅಕ್ಷರಗಳು ಮಾತಿನಂತೆ ನಟಿಸುವುದಿಲ್ಲ, ಅವು ವಾದ್ಯದ ಪೆಟ್ಟುಗಳು, ಲಯ ಓಡುವುದಕ್ಕೆ ಹಗುರಾದ ದಾರಿ. ಉಸ್ತಾದ್ ಅಮೀರ್ ಖಾನರಂತೂ ಆ ಬೋಲುಗಳಿಗೆ ಪಾರಸಿಯ ಅರ್ಥ ಇದೆ ಎಂದೇ ವಾದಿಸಿದವರು. ನಗೆ ಪದ್ಯದಲ್ಲಿ ಅಕ್ಷರಗಳು ಮಾತಿನ ವೇಷ ಹಾಕಿಕೊಂಡು ಬರುತ್ತವೆ. ‘ಅವಲಕ್ಕಿ’ ನಿಜವಾದ ಅವಲಕ್ಕಿ, ಅದರ ಪಕ್ಕದ ‘ಪವಲಕ್ಕಿ’ ಯಾವ ಅಂಗಡಿಯಲ್ಲೂ ಸಿಗದ್ದು. ಆ ಎರಡರ ನಡುವೆ ಕಾಲು ಜಾರಿದಾಗ ನಗು ಬರುತ್ತದೆ.

ಪ್ರಶ್ನೆ: ನಾವು ನಾಲ್ಕು ಮಂದಿ ಗೆಳೆಯರು ಹಾಸ್ಟೆಲಿನಲ್ಲಿ ಕೊಳಲು ಮೇಳ ಕಟ್ಟಿದ್ದೇವೆ. ಎರಡು ಕೊಳಲು ಸಿದ್ಧಾರೂಢ ಮಠದ ಜಾತ್ರೆಯಲ್ಲಿ ಕೊಂಡದ್ದು, ಎರಡು ಅಂಗಡಿಯವು. ಕೂಡಿ ನುಡಿಸಿದಾಗ ಒಮ್ಮೊಮ್ಮೆ ‘ವಂವ್ ವಂವ್’ ಅನ್ನುತ್ತದೆ, ಮೇಲಿನ ಸ್ವರಗಳಲ್ಲಿ ಕಿವಿಯೊಳಗೆ ದುಂಬಿ ಹೊಕ್ಕಂತೆ ಗುಂಯ್‌ಗುಡುತ್ತದೆ. ಕೊಳಲು ಕೆಟ್ಟಿದೆಯೇ? – ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ತಮ್ಮಾ, ನೀನು ಕೇಳಿದ್ದು ಎರಡು ಬೇರೆ ಬೇರೆ ಸಂಗತಿ. ಒಂದನ್ನು ತೆಗೆಯಬೇಕು, ಇನ್ನೊಂದನ್ನು ಜೋಪಾನ ಮಾಡಬೇಕು.

‘ವಂವ್ ವಂವ್’ ಶ್ರುತಿ ಕೂಡದ್ದರ ಗುರುತು. ಒಂದು ಕೊಳಲು ಸೆಕೆಂಡಿಗೆ 440 ಸಲ, ಇನ್ನೊಂದು 443 ಸಲ ಕಂಪಿಸಿದರೆ ದನಿ ಸೆಕೆಂಡಿಗೆ ಮೂರು ಸಲ ಉಬ್ಬಿ ಇಳಿಯುತ್ತದೆ. ಹೊರಳಿಸಿ, ಊದುವ ಬಲ ಹೆಚ್ಚುಕಡಿಮೆ ಮಾಡಿ ಆ ಉಬ್ಬರ ನಿಲ್ಲುವ ತನಕ ಕೂಡಿಸಿರಿ. ಜಾತ್ರೆಯ ಕೊಳಲು ಹಾಗೂ ಕೂಡದಿದ್ದರೆ ಮೇಳದಿಂದ ಹೊರಗಿಡಿರಿ, ಬೇರೆ ದಾರಿ ಇಲ್ಲ. ಚಳಿ, ಬಿಸಿಲಿನ ಲೆಕ್ಕವೂ ಇರಲಿ. ಗಾಳಿ 20 ಡಿಗ್ರಿ ಇದ್ದಾಗ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರು, 30 ಡಿಗ್ರಿಗೆ 349. ಕೊಳಲಿನ ಶ್ರುತಿ ಅದರ ಹಿಂದೆಯೇ ಏರುತ್ತದೆ, 440 ಇದ್ದದ್ದು 447ರ ಮೇಲೆ ಹೋಗುತ್ತದೆ. ಹಾರ್ಮೋನಿಯಂ ಹಾಗೆ ಏರುವುದಿಲ್ಲ. ಡಿಸೆಂಬರಿನ ಬೆಳಿಗ್ಗೆ ಹಾರ್ಮೋನಿಯಂಗೆ ಕೂಡಿಸಿದ ಮೇಳ ಏಪ್ರಿಲ್ ಮಧ್ಯಾಹ್ನ ಕೂಡದೆ ಹೋಗುವುದು ಇದಕ್ಕೇ. ಪಾಳಿ ಬರುವ ತನಕ ಕೈಯಲ್ಲಿ ಸುಮ್ಮನೆ ಹಿಡಿದು ಕೂತ ಕೊಳಲಿಗೆ ಶಬ್ದವಾಗದಂತೆ ಬಿಸಿ ಉಸಿರು ಬಿಡುತ್ತಿರಬೇಕು.

ಇನ್ನು ಆ ಗುಂಯ್. ಅದು ಕೆಟ್ಟದ್ದಲ್ಲ, ಅದೊಂದು ಬೆಲೆಯುಳ್ಳ ವಸ್ತು. ಎರಡು ಗಟ್ಟಿಯಾದ ಮೇಲಿನ ಸ್ವರಗಳು ಒಟ್ಟಿಗೆ ಕಿವಿಗೆ ಬಿದ್ದಾಗ ಅವೆರಡರ ವ್ಯತ್ಯಾಸದಷ್ಟು ಕಂಪನದ ಮೂರನೆಯ ಸ್ವರ ಕಿವಿಯೊಳಗೇ ಹುಟ್ಟುತ್ತದೆ. ಇಟಲಿಯ ಪಿಟೀಲು ವಾದಕ ತಾರ್ತಿನಿ 18ನೇ ಶತಮಾನದಲ್ಲೇ ಇದನ್ನು ಗುರುತಿಸಿದ್ದ, ಅವನ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಬಿಳಿ ಒಂದರ ಎರಡು ಕೊಳಲು ತೆಗೆದುಕೊಳ್ಳಿರಿ. ಒಬ್ಬ ತಾರ ಗಂಧಾರ ಹಿಡಿಯಲಿ, ಸೆಕೆಂಡಿಗೆ ಸುಮಾರು 1308 ಕಂಪನ. ಇನ್ನೊಬ್ಬ ತಾರ ಪಂಚಮ, ಸುಮಾರು 1570. ವ್ಯತ್ಯಾಸ 262. ಅದು ಯಾವ ಸ್ವರ? ತಾರ ಷಡ್ಜಕ್ಕೆ ಎರಡು ಸಪ್ತಕ ಕೆಳಗಿನ ಷಡ್ಜ! ಮೇಲೆ ಗದಗದ ಅಕ್ಕೋರಿಗೆ ಹೇಳಿದೆನಲ್ಲ, ಬಿಳಿ ನಾಲ್ಕರ ದೊಡ್ಡ ಕೊಳಲಿನ ಆರೂ ರಂಧ್ರ ಮುಚ್ಚಿದಾಗ ಬರುವ ಸ್ವರ, ಅದೇ. ಎರಡು ಸಣ್ಣ ಕೊಳಲು ಮೇಲೆ ಕೂಗುತ್ತಿವೆ, ಯಾರೂ ನುಡಿಸದ ದೊಡ್ಡ ಕೊಳಲೊಂದು ಕೆಳಗೆ ಗುನುಗುತ್ತಿದೆ. ಇಲ್ಲದ ಪ್ರಾಣಿಗಳು ಓಡಾಡುವ ಪದ್ಯಕ್ಕೆ ಇದಕ್ಕಿಂತ ಒಪ್ಪುವ ಸ್ವರ ಎಲ್ಲಿ ಸಿಕ್ಕೀತು?

ಮೊಬೈಲಿನ ಟ್ಯೂನರ್ ನೋಡಿ ಗಂಧಾರ ಕೂಡಿಸಿದರೆ ಇದು ಕೈಕೊಡುತ್ತದೆ. ಟ್ಯೂನರಿನ ಗಂಧಾರ 1318ರ ಮೇಲಿದೆ, ಪಂಚಮ 1568. ಆಗ ವ್ಯತ್ಯಾಸ 250ರ ಹತ್ತಿರ ಬಂದು ಆ ಕಾಣದ ಷಡ್ಜ ಬೇಸೂರಾಗುತ್ತದೆ. ತಂಬೂರಿಯಿಂದ ಕೇಳಿಸುವ ಗಂಧಾರಕ್ಕೆ ಕೂಡಿಸಿರಿ, ಅದು ಚೂರು ಇಳಿದಿರುತ್ತದೆ. ಸಣ್ಣ ಖೋಲಿಯಲ್ಲಿ, ಹತ್ತಿರ ಹತ್ತಿರ ನಿಂತು ಮಾಡಿರಿ. ದೊಡ್ಡ ಸಭಾಗೃಹದ ಹಿಂದಿನ ಸಾಲಿಗೆ ಅದು ಮುಟ್ಟುವುದಿಲ್ಲ.

ಪ್ರಶ್ನೆ: ಇಂಥ ಪದ್ಯಕ್ಕೆ ಕೊಳಲಿನ ಸಂಗೀತ ಮಾಡುವ ರೂಢಿ ಹೊರದೇಶಗಳಲ್ಲಿ ಇದೆಯೇ? – ಕಾಲೇಜು ಅಧ್ಯಾಪಕಿ, ರಾಣೆಬೆನ್ನೂರು

ಇದೆ. 1922ರಲ್ಲಿ ಲಂಡನ್ನಿನ ಒಂದು ಮನೆಯಲ್ಲಿ ಈಡಿತ್ ಸಿಟ್‌ವೆಲ್ ಎಂಬ ಕವಯಿತ್ರಿ ಬಣ್ಣದ ಪರದೆಯ ಹಿಂದೆ ನಿಂತು, ಮೆಗಾಫೋನಿನಲ್ಲಿ ತನ್ನ ಪದ್ಯಗಳನ್ನು ಲಯಬದ್ಧವಾಗಿ ಓದಿದಳು. ಅರ್ಥಕ್ಕಿಂತ ಸಪ್ಪಳಕ್ಕೆ ಹೆಚ್ಚು ಜೀವ ಇರುವ ಪದ್ಯಗಳು. ಸಂಗೀತ ವಿಲಿಯಂ ವಾಲ್ಟನ್ನನದು. ಕೈಬೆರಳೆಣಿಕೆಯ ವಾದ್ಯಗಳಲ್ಲಿ ಕೊಳಲೂ ಇದೆ, ಅದನ್ನು ನುಡಿಸುವವರೇ ನಡುನಡುವೆ ಪಿಕೊಲೊ ಎಂಬ ಸಣ್ಣ ಕೊಳಲು ಹಿಡಿಯುತ್ತಾರೆ. ಪಾಶ್ಚಾತ್ಯರಲ್ಲಿ ಬರೀ ಕೊಳಲುಗಳ ಮೇಳವೂ ಉಂಟು. ಪಿಕೊಲೊ ಮಾಮೂಲಿ ಕೊಳಲಿಗಿಂತ ಒಂದು ಸಪ್ತಕ ಮೇಲೆ, ಆಲ್ಟೊ ನಾಲ್ಕನೆಯ ಸ್ವರದಷ್ಟು ಕೆಳಗೆ, ಬಾಸ್ ಒಂದು ಸಪ್ತಕ ಕೆಳಗೆ, ಕಾಂಟ್ರಾಬಾಸ್ ಎರಡು ಸಪ್ತಕ ಕೆಳಗೆ. ಅವರ ಕೊಳಲಿಗೆ ಕೀಲಿಗಳಿವೆ, ಥಿಯೋಬಾಲ್ಡ್ ಬೋಮ್ 1847ರಲ್ಲಿ ಕೊಟ್ಟ ರೂಪ ಇವತ್ತಿಗೂ ನಡೆದಿದೆ. ರಂಧ್ರ ಎಷ್ಟು ದೂರ ಇದ್ದರೂ ಬೆರಳು ಮುಟ್ಟಬೇಕಾಗಿಲ್ಲ. ನಮ್ಮ ಬಿದಿರಿಗೆ ಬೆರಳೇ ಮುಚ್ಚಳ. ಪನ್ನಾಲಾಲ್ ಘೋಷರು ಸುಮಾರು 32 ಇಂಚಿನ ಕೊಳಲನ್ನು ಹಿಂದೂಸ್ತಾನಿ ಕಛೇರಿಗೆ ತಂದದ್ದೇ ಆ ಕಾಲಕ್ಕೆ ದೊಡ್ಡ ಸಾಹಸ.

ನಿಮಗೆ ವಿಶೇಷವಾಗಿ ಹೇಳಬೇಕಾದದ್ದು ಜರ್ಮನ್ ಕವಿ ಕ್ರಿಸ್ಟಿಯಾನ್ ಮಾರ್ಗೆನ್‌ಸ್ಟೆರ್ನನ ಒಂದು ಪದ್ಯ. 1905ರ ಅವನ ಸಂಕಲನದಲ್ಲಿದೆ, ಮೀನು ರಾತ್ರಿ ಹಾಡುವ ಹಾಡು. ಅದರಲ್ಲಿ ಒಂದೂ ಅಕ್ಷರ ಇಲ್ಲ! ಮೊದಲ ಸಾಲಿನಲ್ಲಿ ಒಂದು ಗೆರೆ, ಎರಡನೆಯದರಲ್ಲಿ ಎರಡು ಬಟ್ಟಲಿನಾಕಾರದ ಗುರುತು, ಮೂರನೆಯದರಲ್ಲಿ ಮೂರು ಗೆರೆ, ಹೀಗೆ ಅಗಲವಾಗುತ್ತ ಹೋಗಿ ಕೊನೆಗೆ ಮತ್ತೆ ಒಂದೇ ಗೆರೆಗೆ ಸಣ್ಣಗಾಗುತ್ತದೆ. ಆ ಗುರುತುಗಳು ನಮ್ಮ ಮಕ್ಕಳಿಗೆ ಹೊಸವಲ್ಲ. ಹೈಸ್ಕೂಲಿನಲ್ಲಿ ಛಂದಸ್ಸು ಓದುವಾಗ ಪದ್ಯದ ತಲೆಯ ಮೇಲೆ ಹಾಕುವ ಗುರು, ಲಘು ಗುರುತುಗಳೇ ಅವು. ಪ್ರಸ್ತಾರ ಹಾಕಲು ಬರುವ ಯಾವ ಹುಡುಗಿಯೂ ಆ ಜರ್ಮನ್ ಪದ್ಯವನ್ನು ನೋಡಿದ ಕೂಡಲೆ ಕೊಳಲಿನಲ್ಲಿ ನುಡಿಸಬಲ್ಲಳು: ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು. ಯಾವ ಸ್ವರ? ಅದನ್ನು ಅವಳೇ ಆರಿಸಲಿ. ಮೀನಿಗೆ ದನಿ ಇಲ್ಲ, ಆದ್ದರಿಂದ ಲಘುಗಳನ್ನು ಬರೀ ಗಾಳಿಯಲ್ಲೂ ಊದಬಹುದು. ನಿಮ್ಮ ಕಾಲೇಜಿನಲ್ಲಿ ಕನ್ನಡ ವಿಭಾಗ, ಸಂಗೀತದ ಹುಡುಗರು ಎರಡೂ ಇದ್ದರೆ ಇದನ್ನು ಮಾಡಲೇಬೇಕು. ನಮ್ಮ ಕಂದ, ಷಟ್ಪದಿಗಳ ಪ್ರಸ್ತಾರವನ್ನೂ ಹೀಗೆಯೇ ಅಕ್ಷರ ಬಿಟ್ಟು ನುಡಿಸಿ ನೋಡಿರಿ. ಭಾಮಿನಿಯ ಮೂರು ನಾಲ್ಕರ ಓಟ ಕೊಳಲಿನಲ್ಲಿ ಎಷ್ಟು ಚೆಂದ ಕುಣಿಯುತ್ತದೆ ಎಂದು ನಿಮಗೇ ತಿಳಿಯುತ್ತದೆ.

ಇಂಗ್ಲಿಷಿನಲ್ಲಿ ಲೂಯಿಸ್ ಕ್ಯಾರಲ್ 1871ರಲ್ಲಿ ಪ್ರಕಟಿಸಿದ ‘ಜಾಬರ್‌ವಾಕಿ’ ಪದ್ಯ ನಿಮಗೆ ಗೊತ್ತಿರುತ್ತದೆ. ನಾಮಪದ, ಕ್ರಿಯಾಪದಗಳಲ್ಲಿ ಬಹಳಷ್ಟು ಕಟ್ಟುಕತೆ, ಆದರೆ ವ್ಯಾಕರಣ ಮುರಿದಿಲ್ಲ, ಪ್ರಾಸ ತಪ್ಪಿಲ್ಲ. ಅದನ್ನೂ ನುಡಿಸಬಹುದು. ನಮ್ಮ ಸಭೆಗೆ ಮಾತ್ರ ಮೀನಿನ ಹಾಡೇ ಹೆಚ್ಚು ಹತ್ತಿರ, ಅದಕ್ಕೆ ಯಾವ ಭಾಷೆಯೂ ಬೇಡ.

ಪ್ರಶ್ನೆ: ಸರ್, ನುಡಿಸುವಾಗ ನನಗ ನಗು ಬರ್ತದ. ನಗು ಬಂತಂದ್ರ ಕೊಳಲಿನ ಸಪ್ಪಳ ಹೋಗ್ತದ. ಎಲ್ಲಾರೂ ನನ್ನ ಬೈತಾರ. ಏನ್ ಮಾಡ್ಲಿ? – ಆರನೇ ಇಯತ್ತೆ, ಮಾಳಮಡ್ಡಿ, ಧಾರವಾಡ

ಮರೀ, ನಗು ಬರುವುದು ತಪ್ಪಲ್ಲ, ಪದ್ಯ ನಿನಗೆ ಹಿಡಿಸಿದೆ ಅಂತ ಆಯಿತು. ಸಪ್ಪಳ ಯಾಕೆ ಹೋಗುತ್ತದೆ ಅಂದರೆ, ನಕ್ಕಾಗ ತುಟಿಯ ಎರಡೂ ಮೂಲೆ ಹಿಂದಕ್ಕೆ ಎಳೆಯುತ್ತವೆ. ನಡುವಿನ ಸಣ್ಣ ಕಿಂಡಿ ಅಗಲವಾಗಿ ಗಾಳಿ ಚದುರುತ್ತದೆ, ರಂಧ್ರದ ಆಚೆಯ ಅಂಚಿಗೆ ಹೋಗಿ ಬಡಿಯುವುದಿಲ್ಲ. ಅಂಚಿಗೆ ಬಡಿಯದಿದ್ದರೆ ಸ್ವರ ಇಲ್ಲ. ಕನ್ನಡಿ ಮುಂದೆ ನಿಂತು ನಕ್ಕು ನೋಡು, ಕಾಣುತ್ತದೆ.

ತುಟಿ ಕಚ್ಚಿ ನಗು ತಡೆಯಬೇಡ, ಆಗ ತುಟಿ ಇನ್ನೂ ಬಿಗಿಯಾಗುತ್ತದೆ. ಉಸಿರನ್ನು ಪೂರ್ತಿ ಹೊರಗೆ ಬಿಡು, ಹೊಟ್ಟೆ ತುಂಬ ಎಳೆದುಕೋ, ಬಾಯಲ್ಲಿ ‘ಪೂ’ ಅನ್ನುವ ಆಕಾರ ಮಾಡು, ಮೂಲೆಗಳು ತಾವೇ ಮುಂದೆ ಬರುತ್ತವೆ. ನುಡಿಸುವಾಗ ಗೆಳೆಯನ ಮುಖ ನೋಡಬೇಡ, ತಬಲಾದವರ ಕೈ ನೋಡು. ಮನೆಯಲ್ಲಿ ಹೀಗೆ ಮಾಡು: ನೀನು ಒಂದೇ ಉಸಿರಿನಲ್ಲಿ ‘ಸಾ’ ಹಿಡಿದಿರು, ನಿನ್ನ ಅಕ್ಕನೋ ತಂಗಿಯೋ ಎದುರಿಗೆ ಕೂತು ಪದ್ಯವನ್ನು ಜೋರಾಗಿ ಹೇಳಲಿ. ‘ಸಾ’ ಅಲುಗದೆ ನಿಲ್ಲುವ ತನಕ ದಿನಾ ಮಾಡು. ಕಾರ್ಯಕ್ರಮದಲ್ಲಿ ಹಾಗೂ ತಡೆಯದೆ ನಗು ಬಂದೇಬಿಟ್ಟರೆ ಕೊಳಲನ್ನು ಮಡಿಲಿಗೆ ಇಳಿಸು, ನಕ್ಕು ಮುಗಿಸು, ತಾಳದ ಮೊದಲ ಮಾತ್ರೆ ಮತ್ತೆ ಬರುವ ಮುಂದಿನ ಸಮ್‌ಗೆ ಕೂಡಿಕೋ. ನಡುವೆ ಎಲ್ಲೋ ನುಗ್ಗಬೇಡ.

ಬೈಯುವವರಿಗೆ ಈ ಪುಟ ತೋರಿಸು. ನಾನು ಇರುವುದೂ ನಿಮ್ಮ ಮಾಳಮಡ್ಡಿಯಲ್ಲೇ. ಪತ್ರಿಕೆಯವರ ಹತ್ತಿರ ನನ್ನ ವಿಳಾಸ ಕೇಳಿಕೊಂಡು ಅಪ್ಪನ ಜೋಡಿ ಒಂದು ಭಾನುವಾರ ಬಾ, ಕೊಳಲು ಮರೀಬ್ಯಾಡ.